ರವಿವಾರದ ಗುಳಿಗೆ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ದೇವರ ಹಂಚಿಕೆಯನ್ನು ಕುರಿತು ಹೇಳಿದರು. ಆದರೆ ಹಲ್ಲು ಹೋಗುವುದು ಅವರ ಕಾಲಕ್ಕೆ ಅಂಥ ದೊಡ್ಡ ಸಂಗತಿಯಾಗಿರಲಿಲ್ಲ. ಅಲುಗಾಡಿತು, ದಾರ ಕಟ್ಟಿ ಎಳೆದರು, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿದರು, ನಾಲ್ಕೆಂಟು ದಿನಕ್ಕೆ ಗಾಯ ಮಾಯಿತು. ಹಲ್ಲು ಕಿತ್ತ ಜಾಗ ತಿಂಗಳುಗಟ್ಟಲೆ ಮಾಯದೆ, ಒಸಡಿನ ಒಳಗಿಂದ ದವಡೆಯ ಎಲುಬೇ ಹೊರಗೆ ಇಣುಕುತ್ತದೆ ಎಂದಿದ್ದರೆ ಅವರು ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಎಲುಬು ಗಟ್ಟಿಯಾಗಲೆಂದು ನುಂಗಿದ ಗುಳಿಗೆ ಎಂದರಂತೂ ನಕ್ಕುಬಿಡುತ್ತಿದ್ದರು. ನಮ್ಮ ಅವ್ವನಿಗೆ ಆದದ್ದು ಇದೇ. ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಇಂಥ ಗುಳಿಗೆ ನುಂಗುವ ತಾಯಂದಿರು ಬಹಳ ಇದ್ದಾರೆಂದು ನಮಗೆ ಈಗ ಗೊತ್ತಾಗಿರುವುದರಿಂದ ಇಷ್ಟು ಬರೆಯುತ್ತಿದ್ದೇವೆ.

ನಾವು ಧಾರವಾಡದ ಕಡೆಯವರು. ರಸಾಯನಶಾಸ್ತ್ರ ತೆಗೆದುಕೊಂಡು ಬಿ.ಎಸ್‌ಸಿ. ಮುಗಿಸಿ, ಗುಮಾಸ್ತರ ಪರೀಕ್ಷೆ ಬರೆದು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಡತ ನೋಡಲು ಮುಂಬಯಿಗೆ ಬಂದವರು. ಕಲಿತ ರಸಾಯನಶಾಸ್ತ್ರ ಇಷ್ಟು ವರ್ಷ ಎಲ್ಲಿಯೂ ಉಪಯೋಗಕ್ಕೆ ಬಂದಿರಲಿಲ್ಲ. ಅವ್ವನ ದವಡೆಯ ದೆಸೆಯಿಂದ ಅದಕ್ಕೂ ಒಂದು ಕೆಲಸ ಬಂತು.

2016ರ ಮಳೆಗಾಲದಲ್ಲಿ ಅಂಟಾಪ್ ಹಿಲ್ಲಿನ ನಮ್ಮ ಸರಕಾರಿ ವಸತಿಗೃಹದ ಬಚ್ಚಲಲ್ಲಿ ಅವ್ವ ಕಾಲು ಜಾರಿ ಬಲಗೈ ಊರಿದಳು. ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಪಟ್ಟಿ ಹಾಕಿದ ಎಲುಬಿನ ವೈದ್ಯರು, ನಿಂತ ಎತ್ತರದಿಂದ ಬಿದ್ದು ಎಲುಬು ಮುರಿಯಬಾರದು, ಮುರಿಯಿತೆಂದರೆ ಒಳಗೆ ಟೊಳ್ಳಾಗಿದೆ ಎಂದರ್ಥ ಎಂದು ಹೇಳಿ ಸಾಂದ್ರತೆಯ ಪರೀಕ್ಷೆಗೆ ಕಳಿಸಿದರು. ಆ ಪರೀಕ್ಷೆಯಲ್ಲಿ ಆರೋಗ್ಯವಂತ ತರುಣಿಯ ಎಲುಬಿಗೆ ಹೋಲಿಸಿ ಅಂಕ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಅಳತೆಯಂತೆ ಸೊನ್ನೆಯಿಂದ ಎರಡೂವರೆ ಅಂಕ ಕೆಳಗಿಳಿದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ. ಅವ್ವ ಮೂರಕ್ಕಿಂತಲೂ ಕೆಳಗಿದ್ದಳು. ಅಂದಿನಿಂದ ಅಲೆಂಡ್ರೊನೇಟ್ ಎಂಬ 70 ಮಿಲಿಗ್ರಾಮಿನ ಗುಳಿಗೆ ಸುರುವಾಯಿತು. ವಾರಕ್ಕೆ ಒಂದೇ ಒಂದು.

ಈ ಗುಳಿಗೆಯ ಮಡಿ ಏಕಾದಶಿಯ ಮಡಿಗಿಂತ ಬಿಗಿ. ಬೆಳಿಗ್ಗೆ ಎದ್ದು ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರಿ ನೀರಿನೊಂದಿಗೆ ನುಂಗಬೇಕು. ನುಂಗಿದ ಮೇಲೆ ಅರ್ಧ ತಾಸು ಮಲಗಬಾರದು, ಚಹಾ ಕುಡಿಯಬಾರದು, ಬೇರೆ ಗುಳಿಗೆಯನ್ನೂ ತಗೊಳ್ಳಬಾರದು. ನೆಟ್ಟಗೆ ಕುಳಿತಿರಬೇಕು ಇಲ್ಲವೇ ನಿಂತಿರಬೇಕು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ಹೊಟ್ಟೆಯಲ್ಲಿ ಹಾಲಿದ್ದರೆ ಔಷಧವೆಲ್ಲ ಅದಕ್ಕೇ ಅಂಟಿಕೊಂಡು ವ್ಯರ್ಥವಾಗುತ್ತದೆ. ಬರಿಹೊಟ್ಟೆಯಲ್ಲಿ ತಗೊಂಡರೂ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಅವ್ವ ರವಿವಾರವನ್ನು ಗೊತ್ತು ಮಾಡಿಕೊಂಡಳು. ಅರ್ಧ ತಾಸು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಡಿಯಾರ ನೋಡುತ್ತ, ಬೇಗ ಚಹಾ ಇಡದ ಸೊಸೆಯನ್ನು ನೋಡುತ್ತ, ಆರು ವರ್ಷ ಈ ವ್ರತವನ್ನು ಒಂದು ವಾರವೂ ತಪ್ಪಿಸದೆ ನಡೆಸಿದಳು. ಮತ್ತೆ ಎರಡು ಸಲ ಬಿದ್ದರೂ ಎಲುಬು ಮುರಿಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಗುಳಿಗೆಗೆ ಸಲ್ಲಬೇಕಾದದ್ದು ಸಲ್ಲಲಿ.

2022ರ ದೀಪಾವಳಿಗೆ ಅವ್ವ ಹುಬ್ಬಳ್ಳಿಯ ತಂಗಿಯ ಮನೆಗೆ ಹೋದಳು. ನಮ್ಮಂಥವರ ತಾಯಂದಿರ ಬಾಳು ಹೀಗೇ ಅಲ್ಲವೆ? ಆರು ತಿಂಗಳು ಮಗನಲ್ಲಿ, ನಾಲ್ಕು ತಿಂಗಳು ಮಗಳಲ್ಲಿ, ಉಳಿದ ದಿನ ಊರಿನ ಮನೆಗೆ ಬೀಗ ತೆಗೆಯಲು, ಬೀಗ ಹಾಕಲು. ಅಲ್ಲಿದ್ದಾಗ ಕೆಳಗಿನ ಸಾಲಿನ ಬಲಗಡೆಯ ದವಡೆ ಹಲ್ಲು ನೋಯತೊಡಗಿತು. ಓಣಿಯ ತುದಿಯ ಹಲ್ಲಿನ ದವಾಖಾನೆಗೆ ತಂಗಿ ಕರೆದೊಯ್ದಳು. ವೈದ್ಯರು ಒಳ್ಳೆಯವರು, ಮಾತಾಡಿಸಿ ಕೆಲಸ ಮಾಡುವವರು. ಕೀಳುವ ಮೊದಲು ಕೇಳಬೇಕಾದದ್ದನ್ನು ಕೇಳಿದರು.

“ಅಮ್ಮಾರ, ದಿನಾ ಯಾವ ಗುಳಿಗಿ ತಗೋತೀರಿ?”

“ಬಿ.ಪಿ.ದು ಒಂದರೀ. ಅಷ್ಟ.”

ಹಲ್ಲು ಕಿತ್ತರು. ಒಂದು ವಾರ ನೋವಿತ್ತು, ಹೋಯಿತು. ಮತ್ತೆ ಬಂತು. ಕಿತ್ತ ಕುಳಿ ಮುಚ್ಚಿಕೊಳ್ಳಲಿಲ್ಲ. ಆಂಟಿಬಯೋಟಿಕ್ ಕೊಟ್ಟರು, ಕಡಿಮೆಯಾಯಿತು, ಬಿಟ್ಟ ಕೂಡಲೆ ಬಾಯಿಯಲ್ಲಿ ಕೆಟ್ಟ ವಾಸನೆ, ಕೀವು. ಮೂರು ಸುತ್ತು ಹೀಗೆ ನಡೆದು 2023ರ ಮಾರ್ಚಿನಲ್ಲಿ ಅವ್ವ ಮುಂಬಯಿಗೆ ಬಂದಾಗ, ನಾಲಗೆಗೆ ಏನೋ ಚುಚ್ಚುತ್ತದೆ, ಹಲ್ಲಿನ ಬೇರು ಉಳಿದಿರಬೇಕು ಎಂದಳು. ಬೆಳಕು ಬಿಟ್ಟು ನೋಡಿದೆವು. ಬೇರಾಗಿರಲಿಲ್ಲ. ಹಳದಿ ಮಿಶ್ರಿತ ಬಿಳಿಯ, ಒರಟಾದ, ಒಣಗಿದ ಎಲುಬು, ಕಡಲೆ ಕಾಳಿನಷ್ಟಗಲ. ಮುಟ್ಟಿದರೆ ಅದಕ್ಕೆ ನೋವಿಲ್ಲ, ಸುತ್ತಲಿನ ಒಸಡಿಗೆ ನೋವು.

ಸರಕಾರಿ ಆರೋಗ್ಯ ಯೋಜನೆಯ ಚೀಟಿ ಹಿಡಿದು, ದೊಡ್ಡ ಆಸ್ಪತ್ರೆಯೊಂದರ ದವಡೆಯ ಶಸ್ತ್ರವೈದ್ಯರ ಮುಂದೆ ಸರದಿ ನಿಂತೆವು. ವಯಸ್ಸಾದ ಹೆಂಗಸು ವೈದ್ಯರು. ಬಾಯಿ ನೋಡುವುದಕ್ಕಿಂತ ಮೊದಲೇ ಅವರು ಕೇಳಿದ ಪ್ರಶ್ನೆ ಹುಬ್ಬಳ್ಳಿಯ ಪ್ರಶ್ನೆಗಿಂತ ಬೇರೆಯಾಗಿತ್ತು. ಎಲುಬಿಗೆಂದು ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ, ಆರು ತಿಂಗಳಿಗೊಮ್ಮೆಯೋ, ವರ್ಷಕ್ಕೊಮ್ಮೆಯೋ ಏನಾದರೂ ತಗೊಂಡಿದ್ದಾರೆಯೆ? ಗುಳಿಗೆಯಾಗಲಿ, ಸೂಜಿಯಾಗಲಿ?

ಮನೆಗೆ ಬಂದ ಮೇಲೆ ಅವ್ವನನ್ನು ಕೇಳಿದೆವು. “ಹುಬ್ಬಳ್ಳ್ಯಾಗ ಎಲುಬಿನ ಗುಳಿಗಿ ಹೇಳಲಿಲ್ಲೇನವ್ವಾ?”

“ಅವರು ದಿನಾ ತಗೊಳ್ಳೋದು ಕೇಳಿದ್ರಪಾ. ಅದು ದಿನಾದ್ದೇನು? ರವಿವಾರದ್ದು.”

ಈ ಉತ್ತರದಲ್ಲಿ ಒಂದಕ್ಷರ ತಪ್ಪಿಲ್ಲ. ಇಷ್ಟು ವರ್ಷ ಕಚೇರಿಯಲ್ಲಿ ಕುಳಿತ ನಮಗೆ ಇದು ಬಹಳ ಪರಿಚಯದ ಉತ್ತರ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡು ಎಂಬುದೇ ಕಡತದ ಧರ್ಮ. ಒಂದು ವಿಭಾಗದ ಟಿಪ್ಪಣಿಯನ್ನು ಇನ್ನೊಂದು ವಿಭಾಗ ಓದುವುದಿಲ್ಲ, ಕಡತವೇ ಎದ್ದು ನಡೆದು ಹೋಗುವುದಿಲ್ಲ. ಹೊರನಾಡಿನಲ್ಲಿರುವ ನಾವು ಆಸ್ಪತ್ರೆಯಲ್ಲಿ ಏನು ಎಡವಟ್ಟಾದರೂ ಭಾಷೆಯ ಮೇಲೆ ಹಾಕುತ್ತೇವೆ: ಅವರು ಮರಾಠಿಯಲ್ಲಿ ಕೇಳಿದರು, ನಮ್ಮವರಿಗೆ ತಿಳಿಯಲಿಲ್ಲ. ಇಲ್ಲಿ ಅಚ್ಚ ಕನ್ನಡದಲ್ಲಿ ಕೇಳಿ, ಅಚ್ಚ ಕನ್ನಡದಲ್ಲಿ ಉತ್ತರ ಪಡೆದೂ ಸಂಗತಿ ಆಚೆಗೇ ಉಳಿಯಿತು. ಎಲುಬಿನ ವೈದ್ಯರು ಹಲ್ಲಿನ ಮಾತೆತ್ತಲಿಲ್ಲ, ಹಲ್ಲಿನ ವೈದ್ಯರು ಎಲುಬಿನ ಮಾತೆತ್ತಲಿಲ್ಲ. ದವಡೆ ಎಂಬುದು ಎಲುಬೂ ಹೌದು, ಹಲ್ಲಿನ ಮನೆಯೂ ಹೌದು. ಇಬ್ಬರಿಗೂ ಸೇರಿದ ಜಾಗ ಇಬ್ಬರಿಗೂ ಸೇರದೆ ಹೋಯಿತು.

ಗುಳಿಗೆ ಎಲುಬಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ಹೇಳಬೇಕು. ಎಲುಬು ಕಲ್ಲಿನಂತೆ ಒಮ್ಮೆ ಆದದ್ದು ಆಯಿತು ಎನ್ನುವ ವಸ್ತುವಲ್ಲ. ಮುಂಬಯಿಯ ರಸ್ತೆಯಂತೆ ಅದರ ದುರಸ್ತಿ ಸದಾ ನಡೆದೇ ಇರುತ್ತದೆ. ಅಗೆಯುವ ಜೀವಕೋಶಗಳ ಒಂದು ತಂಡ ಹಳೆಯದನ್ನು ಕರಗಿಸಿ ಗುಂಡಿ ಮಾಡುತ್ತದೆ, ತುಂಬುವ ತಂಡ ಹಿಂದಿನಿಂದ ಬಂದು ಹೊಸ ಎಲುಬನ್ನು ಹಾಕುತ್ತದೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಹತ್ತನೆಯ ಒಂದು ಪಾಲು ಎಲುಬು ಹೀಗೆ ಹೊಸದಾಗುತ್ತದಂತೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅಗೆಯುವವರ ಕೈ ಮೇಲಾಗುತ್ತದೆ. ಅಗೆದಷ್ಟು ತುಂಬುವುದಿಲ್ಲ. (ನಗರಸಭೆಯ ಗುತ್ತಿಗೆದಾರರಿಗೆ ಯಾವ ಹಾರ್ಮೋನಿನ ಕೊರತೆಯೋ ತಿಳಿಯದು.) ಬಿಸ್‌ಫಾಸ್ಫೊನೇಟ್ ಎಂಬ ಗುಂಪಿನ ಈ ಔಷಧಗಳು ಎಲುಬಿನ ಸುಣ್ಣಕ್ಕೆ ಗಟ್ಟಿಯಾಗಿ ಅಂಟಿಕೊಂಡು ಕೂತಿರುತ್ತವೆ. ಅಗೆಯುವ ಜೀವಕೋಶ ಬಂದು ಆ ಭಾಗವನ್ನು ತಿಂದಾಗ ಔಷಧವೂ ಅದರ ಹೊಟ್ಟೆಗೆ ಹೋಗಿ ಅದನ್ನು ನಿಷ್ಕ್ರಿಯ ಮಾಡುತ್ತದೆ. ಅಗೆತ ನಿಧಾನವಾಗುತ್ತದೆ, ಎಲುಬು ಉಳಿಯುತ್ತದೆ.

ಆದರೆ ಅಗೆಯುವವರು ಬರಿಯ ಕಳ್ಳರಲ್ಲ, ಜಾಡಮಾಲಿಗಳೂ ಹೌದು. ಹಲ್ಲು ಕಿತ್ತಾಗ ಸುತ್ತಲಿನ ಎಲುಬು ಪೆಟ್ಟು ತಿಂದಿರುತ್ತದೆ. ಸತ್ತ ಭಾಗವನ್ನು ಎತ್ತಿ ಹಾಕಿದ ಮೇಲೆಯೇ ಹೊಸದು ಬೆಳೆಯಬೇಕು. ಎತ್ತುವವರಿಲ್ಲದಿದ್ದರೆ ಸತ್ತದ್ದು ಅಲ್ಲೇ ಉಳಿಯುತ್ತದೆ, ಅದರ ಮೇಲೆ ಒಸಡು ಬೆಳೆಯುವುದಿಲ್ಲ. ಕೈಕಾಲಿನ ಎಲುಬಿಗಿಲ್ಲದ ಈ ತೊಂದರೆ ದವಡೆಗೇ ಏಕೆ? ದವಡೆಯ ಎಲುಬಿನಲ್ಲಿ ದುರಸ್ತಿಯ ಕೆಲಸ ಉಳಿದ ಎಲುಬುಗಳಿಗಿಂತ ಬಿರುಸು. ಅದರ ಮೇಲಿನ ಹೊದಿಕೆ ತೆಳು. ಮತ್ತು ಬಾಯಿ ಎಂಬುದು ಕ್ರಿಮಿಗಳ ಸಂತೆ. ಕೆಳದವಡೆಗೆ ರಕ್ತದ ಹರಿವು ಮೇಲಿನದಕ್ಕಿಂತ ಕಡಿಮೆಯಾದ್ದರಿಂದ ಹೆಚ್ಚಿನ ಪ್ರಕರಣಗಳು ಅಲ್ಲಿಯೇ. ಎಂಟು ವಾರಕ್ಕೂ ಮೀರಿ ಎಲುಬು ತೆರೆದೇ ಇದ್ದು, ಇಂಥ ಔಷಧ ತಗೊಂಡವರಾಗಿದ್ದು, ದವಡೆಗೆ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಆಗಿರದಿದ್ದರೆ ವೈದ್ಯರು ಇದಕ್ಕೆ ಔಷಧಜನ್ಯ ದವಡೆ ಎಲುಬಿನ ಕೊಳೆತ ಎಂಬ ಅರ್ಥ ಬರುವ ಉದ್ದನೆಯ ಹೆಸರಿಡುತ್ತಾರೆ. ಕೊಳೆತ ಎಂಬ ಮಾತನ್ನು ನಾವು ಮನೆಯಲ್ಲಿ ಆಡಲಿಲ್ಲ. ಮಾಯದ ಗಾಯ ಎಂದೇ ಅವ್ವನಿಗೆ ಹೇಳಿದೆವು.

ಆ ವೈದ್ಯರು ಹೇಳಿದ ಇನ್ನೊಂದು ಮಾತು ನಮ್ಮನ್ನು ಬಿಡಲಿಲ್ಲ. ಇದು ಹೊಸ ರೋಗವಲ್ಲ, ಹಿಂದೆ ಬೆಂಕಿಕಡ್ಡಿ ಮಾಡುವವರಿಗೆ ಇಂಥದೇ ಆಗುತ್ತಿತ್ತು ಎಂದಿದ್ದರು. ರಸಾಯನಶಾಸ್ತ್ರದ ತರಗತಿಯಲ್ಲಿ ಬಿಳಿ ರಂಜಕವನ್ನು ನೀರಿನಲ್ಲಿ ಮುಳುಗಿಸಿ ಇಡಬೇಕೆಂದು ಬರೆದು ಅಂಕ ಗಳಿಸಿದ್ದೆವು. ಅದನ್ನು ಬರಿಗೈಯಿಂದ ಮುಟ್ಟಿದವರ ಕತೆ ನಮಗೆ ಯಾರೂ ಹೇಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲಿ ಬೇಕಾದರೂ ಗೀರಿದರೆ ಹೊತ್ತುವ ಕಡ್ಡಿಗಳ ತಲೆಗೆ ಬಿಳಿ ರಂಜಕ ಹಾಕುತ್ತಿದ್ದರು. ಕಾರಖಾನೆಯಲ್ಲಿ ಅದರ ಹೊಗೆ ಕುಡಿದ ಕೆಲಸಗಾರರಿಗೆ ಮೊದಲು ಹಲ್ಲುನೋವು, ಹಲ್ಲು ಕೀಳಿಸಿದರೆ ಮಾಯದ ಕುಳಿ, ಆಮೇಲೆ ಕೀವು, ದುರ್ವಾಸನೆ, ಕೊನೆಗೆ ದವಡೆಯೇ ಸತ್ತು ಕಳಚಿ ಬರುತ್ತಿತ್ತು. ವಿಯೆನ್ನಾದ ಲೊರಿನ್ಸರ್ ಎಂಬ ವೈದ್ಯರು 1845ರಲ್ಲಿಯೇ ಇದನ್ನು ಬರೆದಿಟ್ಟರು. ಓದುತ್ತಾ ಹೋದಂತೆ ನಮಗೆ ಮೈ ಜುಮ್ಮೆಂದಿತು. ಅವ್ವನಿಗೆ ಆದದ್ದೂ ಇದೇ ಕ್ರಮದಲ್ಲಿ. ಪ್ರಮಾಣ ಮಾತ್ರ ಬಹಳ ಚಿಕ್ಕದು.

ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರಖಾನೆಯಲ್ಲಿ 1888ರ ಜುಲೈಯಲ್ಲಿ ಸುಮಾರು 1,400 ಹೆಂಗಸರೂ ಹುಡುಗಿಯರೂ ಕೆಲಸ ನಿಲ್ಲಿಸಿ ಹೊರಗೆ ಬಂದರು. ಅವರ ದುಡಿಮೆಯ ದುರವಸ್ಥೆಯನ್ನು ಪತ್ರಿಕೆಯಲ್ಲಿ ಬರೆದು ಬೆಳಕಿಗೆ ತಂದವರು ಆನಿ ಬೆಸೆಂಟ್. ನಮಗೆಲ್ಲ ಹೋಂ ರೂಲಿನ ಬೆಸೆಂಟ್, 1917ರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷೆ ಬೆಸೆಂಟ್ ಗೊತ್ತು. ದವಡೆ ಕಳಕೊಳ್ಳುತ್ತಿದ್ದ ಬಡ ಹುಡುಗಿಯರ ಪರವಾಗಿ ನಿಂತ ಬೆಸೆಂಟ್ ನಮ್ಮ ಶಾಲೆಯ ಪುಸ್ತಕದಲ್ಲಿ ಇರಲಿಲ್ಲ. ರೋಗದ ಪ್ರಕರಣಗಳನ್ನು ಸರಕಾರಕ್ಕೆ ತಿಳಿಸದೆ ಮುಚ್ಚಿಟ್ಟದ್ದಕ್ಕೆ ಅದೇ ಕಂಪನಿಗೆ 1898ರಲ್ಲಿ ದಂಡ ಬಿತ್ತು. ದಂಡದ ಮೊತ್ತ 25 ಪೌಂಡು ಚಿಲ್ಲರೆ. 1906ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಬಿಳಿ ರಂಜಕದ ಕಡ್ಡಿಯನ್ನು ನಿಷೇಧಿಸಲು ಒಪ್ಪಿದವು. ನಮ್ಮ ದೇಶದಲ್ಲಿ 1913ರಲ್ಲಿ ಅದರ ನಿಷೇಧಕ್ಕೆ ಕಾಯಿದೆ ಬಂತು. ದವಡೆಯ ಈ ರೋಗ ಮರೆತೇ ಹೋಯಿತು.

ಮುಂದೆ ಅದೇ ಬರ್ನ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಹರ್ಬರ್ಟ್ ಫ್ಲೈಷ್ ಮತ್ತು ಸಂಗಡಿಗರು, ರಂಜಕದಿಂದಲೇ ಆದ ಬೇರೊಂದು ಬಗೆಯ ಸಂಯುಕ್ತಗಳು ಎಲುಬಿನ ಸವೆತವನ್ನು ತಡೆಯುತ್ತವೆಂದು 1969ರಲ್ಲಿ ತೋರಿಸಿಕೊಟ್ಟರು. ನೀರಿನ ಕೊಳವೆಗಳಲ್ಲಿ ಸುಣ್ಣ ಕಟ್ಟದಂತೆ ಬಳಸುತ್ತಿದ್ದ ರಾಸಾಯನಿಕಗಳ ಬಳಗವದು. ಅಲ್ಲಿಂದಲೇ ಈ ಔಷಧಗಳ ವಂಶ ಬೆಳೆಯಿತು. ಅಲೆಂಡ್ರೊನೇಟಿಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. 2003ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್, ಈ ಗುಂಪಿನ ಔಷಧಗಳನ್ನು ರಕ್ತನಾಳದ ಮೂಲಕ ಪಡೆದ 36 ಜನರ ದವಡೆಯ ಎಲುಬು ತೆರೆದುಕೊಂಡು ಸತ್ತಿದೆ ಎಂದು ವೈದ್ಯ ಪತ್ರಿಕೆಯೊಂದಕ್ಕೆ ಬರೆದರು. ಮರೆತ ರೋಗ ಇನ್ನೊಂದು ಬಾಗಿಲಿನಿಂದ ಮರಳಿ ಬಂದಿತ್ತು. ಆಗ ಅವ್ವನಿಗೆ ಐವತ್ತರ ಸುಮಾರು, ಎಲ್ಲ ಹಲ್ಲೂ ಇದ್ದವು.

ಇಷ್ಟು ಓದಿ ಯಾರಾದರೂ ಗುಳಿಗೆಯ ಪಟ್ಟಿಯನ್ನು ಕಸದ ಬುಟ್ಟಿಗೆ ಎಸೆಯಲು ಏಳುವ ಮೊದಲು ದಯವಿಟ್ಟು ಕುಳಿತುಕೊಳ್ಳಬೇಕು. ಲೆಕ್ಕ ಹೀಗಿದೆ. ಎಲುಬು ಟೊಳ್ಳಾದದ್ದಕ್ಕೆಂದು ಈ ಗುಳಿಗೆ ನುಂಗುವ 10,000 ಜನರಲ್ಲಿ ದವಡೆಯ ಈ ತೊಂದರೆ ಆಗುವುದು ಸುಮಾರು 2ರಿಂದ 5 ಜನರಿಗೆ. ಕ್ಯಾನ್ಸರ್ ಎಲುಬಿಗೆ ಹಬ್ಬಿದವರ ಮಾತು ಬೇರೆ. ಅವರಿಗೆ ಝೋಲೆಡ್ರೋನಿಕ್ ಆಮ್ಲದ ಸೂಜಿಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಟೊಳ್ಳೆಲುಬಿಗಾದರೆ ಅದೇ ಔಷಧ ವರ್ಷಕ್ಕೆ ಒಂದೇ ಸಲ. ಆದ್ದರಿಂದ ಕ್ಯಾನ್ಸರಿನವರಲ್ಲಿ ನೂರಕ್ಕೆ ಕೆಲವರಿಗೆ ಇದು ಆಗುತ್ತದೆ. ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಮೊದಲೇ ಬೆನ್ನೆಲುಬು ಕುಸಿದಿದ್ದ 2,027 ಹೆಂಗಸರಲ್ಲಿ ಅಲೆಂಡ್ರೊನೇಟ್ ತಗೊಂಡವರ ಸೊಂಟದ ಕೀಲಿನ ಮುರಿತ ಅರ್ಧದಷ್ಟು ಇಳಿದಿತ್ತು. ಸೊಂಟ ಮುರಿದ ಮುದುಕರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಬದುಕಿದವರಲ್ಲಿ ಎಷ್ಟೋ ಜನ ಮತ್ತೆ ಕೋಲಿಲ್ಲದೆ ನಡೆಯುವುದಿಲ್ಲ. ನಮ್ಮ ಊರಿನಲ್ಲಿ ‘ಬಿದ್ದು ಹಾಸಿಗೆ ಹಿಡಿದು ಹೋದರು’ ಎಂಬ ಒಂದೇ ವಾಕ್ಯದಲ್ಲಿ ಎಷ್ಟು ಅಜ್ಜಿಯರ ಚರಿತ್ರೆ ಮುಗಿದಿಲ್ಲ!

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಅವ್ವನ ಸುದ್ದಿ ನಮ್ಮ ಬಳಗದಲ್ಲಿ ಹಬ್ಬಿದ ಮೇಲೆ, 2023ರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪರಿಚಯದ ಹಿರಿಯರೊಬ್ಬರು, “ನಿಮ್ಮ ತಾಯಾರದು ಕೇಳಿದೆ ನೋಡ್ರಿ, ನಾನೂ ಆರು ತಿಂಗಳಿನ ಸೂಜಿ ಬಿಟ್ಟುಬಿಟ್ಟೆ” ಎಂದು ಹೆಮ್ಮೆಯಿಂದ ಹೇಳಿದರು. ಬಾಯಿಗಿಟ್ಟ ಹೋಳಿಗೆ ನಮಗೆ ಇಳಿಯಲಿಲ್ಲ. ಅವರು ತಗೊಳ್ಳುತ್ತಿದ್ದುದು ಡೆನೊಸುಮಾಬ್. ಅದು ಬೇರೆ ಜಾತಿಯ ಔಷಧ. ಅಲೆಂಡ್ರೊನೇಟ್ ಎಲುಬಿನಲ್ಲಿ ಹತ್ತು ವರ್ಷವಾದರೂ ಪೂರ್ತಿ ಕರಗದೆ ಕೂತಿರುತ್ತದೆ, ಬಿಟ್ಟರೂ ಅದರ ಕಾವಲು ಕೆಲವು ಕಾಲ ಉಳಿಯುತ್ತದೆ. ಡೆನೊಸುಮಾಬ್ ಹಾಗಲ್ಲ. ಹೊತ್ತಿಗೆ ಸರಿಯಾಗಿ ಮುಂದಿನ ಸೂಜಿ ಬೀಳದಿದ್ದರೆ, ತಡೆದಿದ್ದ ಅಗೆತವೆಲ್ಲ ಒಮ್ಮೆಗೇ ನುಗ್ಗಿ ಬೆನ್ನೆಲುಬಿನ ಮಣಿಗಳು ಒಂದರ ಮೇಲೊಂದು ಕುಸಿಯುವ ಭಯವಿದೆ. ನಿಲ್ಲಿಸಬೇಕೆಂದರೂ ಅದರ ಬದಲು ಬೇರೊಂದನ್ನು ಕೊಟ್ಟೇ ನಿಲ್ಲಿಸುತ್ತಾರೆ. ದವಡೆಯ ತೊಂದರೆ ಇದರಿಂದಲೂ ಆಗಬಹುದು, ಅದು ನಿಜ. ಆದರೆ ಬಿಡುವುದನ್ನು ತೀರ್ಮಾನಿಸಬೇಕಾದವರು ಅದನ್ನು ಬರೆದುಕೊಟ್ಟ ವೈದ್ಯರು, ಹೋಳಿಗೆಯ ಪಂಕ್ತಿಯಲ್ಲ. ಎಲೆ ಬಿಟ್ಟು ಎದ್ದು ಅವರ ಮಗನನ್ನು ಹುಡುಕಿದೆವು. ಅದೃಷ್ಟಕ್ಕೆ ಗಡುವು ದಾಟಿ ಬಹಳ ದಿನವಾಗಿರಲಿಲ್ಲ. ಆ ವಾರವೇ ಸೂಜಿ ಹಾಕಿಸಿದರು. ಅವ್ವನ ಕತೆ ಅರ್ಧವೇ ಹಬ್ಬಿ ಇನ್ನೊಬ್ಬರ ಬೆನ್ನು ಮುರಿಯುವುದಿತ್ತು.

ಹಾಗಾದರೆ ಮಾಡಬೇಕಾದದ್ದೇನು ಎಂದರೆ, ದೊಡ್ಡದೇನೂ ಇಲ್ಲ. ಇಂಥ ಔಷಧವನ್ನು ಸುರು ಮಾಡುವ ಮೊದಲೇ ಹಲ್ಲಿನ ವೈದ್ಯರಿಗೆ ಬಾಯಿ ತೋರಿಸಿ, ಕೀಳಬೇಕಾದದ್ದನ್ನು ಆಗಲೇ ಕೀಳಿಸಿ, ಗಾಯ ಮಾದ ಮೇಲೆ ಗುಳಿಗೆ ಹಿಡಿಯುವುದು. ಹಿಡಿದ ಮೇಲೆ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವುದು. ಹುಳುಕು ಬಿದ್ದರೆ ಕೀಳುವ ಬದಲು ಬೇರಿನ ಚಿಕಿತ್ಸೆ ಮಾಡಿ ಉಳಿಸಿಕೊಳ್ಳಲು ಆಗುವುದೋ ಕೇಳುವುದು. ಸಡಿಲಾದ ಕಟ್ಟುಹಲ್ಲು ಒಸಡನ್ನು ಉಜ್ಜಿ ಹುಣ್ಣು ಮಾಡಿದರೆ ಅಲ್ಲಿಂದಲೂ ಇದು ಸುರುವಾಗಬಹುದು, ಆದ್ದರಿಂದ ಅದನ್ನು ಸರಿಮಾಡಿಸುವುದು. ಕೀಳಲೇಬೇಕಾದರೆ ಹೆದರಿ ಕೀವಿನ ಹಲ್ಲನ್ನು ಇಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು. ಸೋಂಕೇ ಅರ್ಧ ಅಪರಾಧಿ. ಕೀಳುವ ಮುಂಚೆ ಗುಳಿಗೆಯನ್ನು ಕೆಲವು ತಿಂಗಳು ನಿಲ್ಲಿಸಬೇಕೆ ಎಂಬುದರಲ್ಲಿ ವೈದ್ಯರಲ್ಲಿಯೇ ಏಕಮತವಿಲ್ಲ. ಸ್ಟೀರಾಯ್ಡ್ ನುಂಗುವವರು, ಸಕ್ಕರೆ ರೋಗದವರು, ತಂಬಾಕು ಬಿಡದವರು ಹೆಚ್ಚು ಎಚ್ಚರವಿರಬೇಕು. ನಮ್ಮ ಕಡೆಯ ಹಿರಿಯರಲ್ಲಿ ಎಲೆ ಅಡಿಕೆಯ ಜೊತೆಗೆ ತಂಬಾಕಿನ ಎಸಳನ್ನು ದವಡೆಗೆ ಒತ್ತಿಕೊಳ್ಳುವವರು ಎಷ್ಟಿಲ್ಲ?

ಆದರೆ ಇದೆಲ್ಲಕ್ಕೂ ಮೊದಲಿನದು, ಗುಳಿಗೆಯ ಸುದ್ದಿ ಗುಳಿಗೆ ತಿಂದವರ ಜೊತೆಗೇ ಪ್ರಯಾಣ ಮಾಡುವುದು. ನಮ್ಮ ತಾಯಂದಿರು ಮುಂಬಯಿಯಲ್ಲಿ ಎಲುಬು ಮುರಿದುಕೊಳ್ಳುತ್ತಾರೆ, ಹುಬ್ಬಳ್ಳಿಯಲ್ಲಿ ಹಲ್ಲು ಕೀಳಿಸುತ್ತಾರೆ. ಕಾಗದಪತ್ರ ಮಗನ ಕಪಾಟಿನಲ್ಲಿರುತ್ತದೆ, ಬಾಯಿ ಮಗಳ ಊರಿನಲ್ಲಿರುತ್ತದೆ. ದಿನದ ಗುಳಿಗೆಯಾದರೆ ಡಬ್ಬಿಯಲ್ಲಿ ಕಣ್ಣಿಗೆ ಬೀಳುತ್ತದೆ. ವಾರದ್ದು ಮರೆಗೆ ಹೋಗುತ್ತದೆ. ವರ್ಷದ ಸೂಜಿಯಂತೂ ಕೊಡಿಸಿದ ಮಗನಿಗೂ ಮರೆತಿರುತ್ತದೆ. ಅದನ್ನು ಯಾವ ಅವ್ವ ‘ಔಷಧ ತಗೋತೀನಿ’ ಎಂದು ಹೇಳಿಯಾಳು? ಹೆಸರು ಇಂಗ್ಲಿಷಿನದು, ಬಾಯಲ್ಲಿ ನಿಲ್ಲುವುದಿಲ್ಲ. ‘ಎಲುಬಿನದು’ ಎಂದರೆ ಕೇಳುವವರು ಸುಣ್ಣದ ಗುಳಿಗೆ ಇರಬೇಕು ಎಂದುಕೊಂಡು ಮುಂದೆ ಹೋಗುತ್ತಾರೆ.

ಕಚೇರಿಯ ಅಭ್ಯಾಸ ಇಲ್ಲಿ ನೆರವಿಗೆ ಬಂತು. ಅಂಗೈ ಅಗಲದ ರಟ್ಟಿನ ಚೀಟಿಯ ಮೇಲೆ ಔಷಧದ ಹೆಸರು, ಪ್ರಮಾಣ, ಯಾವ ತಿಂಗಳು ಸುರು, ಯಾವ ತಿಂಗಳು ಬಂದ್, ದವಡೆಗೆ ಏನಾಯಿತು ಎಂಬುದನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಬರೆದು, ಮೇಲೆ ಪ್ಲಾಸ್ಟಿಕ್ ಹೊದಿಸಿ ಅವ್ವನ ಸಂಚಿಯಲ್ಲಿಟ್ಟೆವು. ಅಡಿಕೆ ಚೀಲದಲ್ಲಿಟ್ಟದ್ದು ಕಳೆಯುವುದಿಲ್ಲ ಎಂಬುದು ನಮ್ಮ ಮನೆಯಾಕೆಯ ಸೂಚನೆ. ಮನೆಯಾಕೆಯ ತಾಯಿಗೂ ಒಂದು ಮಾಡಿದೆವು, ಕೆಳಮನೆಯ ಮಂಗಳೂರಿನ ಬಾಯಮ್ಮನಿಗೂ ಒಂದು. ಈಗ ನಮ್ಮ ಬ್ಲಾಕಿನಲ್ಲಿ ಆರು ಚೀಟಿಗಳು ಚಲಾವಣೆಯಲ್ಲಿವೆ.

ಅವ್ವನ ವಿಷಯ ಉಳಿಯಿತು. ಕೊಯ್ದು ತೆಗೆಯುವುದು ಬೇಡ, ಕಾಯೋಣ ಎಂದರು ವೈದ್ಯರು. ದಿನಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್ ಎಂಬ ಔಷಧದಿಂದ ಬಾಯಿ ಮುಕ್ಕಳಿಸುವುದು, ಕೀವು ಕಂಡಾಗ ಆಂಟಿಬಯೋಟಿಕ್, ತಿಂಗಳಿಗೊಮ್ಮೆ ಸರದಿ. ಆರು ವರ್ಷ ಮುಗಿದದ್ದರಿಂದಲೂ, ಸೊಂಟದ ಸಾಂದ್ರತೆ ಸುಧಾರಿಸಿದ್ದರಿಂದಲೂ ಎಲುಬಿನ ವೈದ್ಯರು ಅಲೆಂಡ್ರೊನೇಟನ್ನು ನಿಲ್ಲಿಸಿದರು. ಈ ಸಲ ಇಬ್ಬರು ವೈದ್ಯರೂ ಫೋನಿನಲ್ಲಿ ಮಾತಾಡಿಕೊಂಡರು. ಆ ಫೋನು ಹಚ್ಚಿಸಲು ನಾವು ಎರಡು ರಜೆ ಹಾಕಬೇಕಾಯಿತು. ಹನ್ನೊಂದು ತಿಂಗಳು ಅವ್ವ ನುಚ್ಚು, ಗಂಜಿ, ಮೆತ್ತಗಿನ ಅನ್ನ ಉಂಡಳು. ಖಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೆ, ಇದು ರೊಟ್ಟಿಯಲ್ಲ ಎಂದು ತಟ್ಟೆ ದೂಡಿದಳು. ಎರಡು ಸಲ ರಾತ್ರಿ ಎದ್ದು ಕೂತಿದ್ದಾಗ, ನೋವಿಗಲ್ಲ, ಬಾಯಿಯ ವಾಸನೆಗೆ ಹೇಸಿ ಮೊಮ್ಮಗಳನ್ನು ಪಕ್ಕಕ್ಕೆ ಮಲಗಿಸಿಕೊಳ್ಳುವುದಿಲ್ಲ ಎಂದು ಅತ್ತಳು. ಅದರ ಬಗ್ಗೆ ಯಾವ ವೈದ್ಯ ಪತ್ರಿಕೆಯಲ್ಲಿಯೂ ಅಂಕಿಯಿಲ್ಲ.

2024ರ ಫೆಬ್ರವರಿಯಲ್ಲಿ ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ಎಲುಬಿನ ಚೂರು ತಾನಾಗಿ ಕಳಚಿ ಬೋಗುಣಿಯಲ್ಲಿ ಬಿತ್ತು. ಹುಣಸೆಬೀಜದಷ್ಟಿತ್ತು, ಸುತ್ತಲೂ ಇಲಿ ಕಡಿದಂತೆ ಒರಟು. ಕಾಗದದಲ್ಲಿ ಸುತ್ತಿ ವೈದ್ಯರಲ್ಲಿಗೆ ಒಯ್ದೆವು. ಕೆಳಗೆ ಹೊಸ ಒಸಡು ಬೆಳೆಯುತ್ತಿದೆ ಎಂದರು. ಆರು ವಾರಕ್ಕೆ ಜಾಗ ಮುಚ್ಚಿತು. ಆ ಬದಿಯಲ್ಲಿ ಕಟ್ಟುಹಲ್ಲು ಕೂರಿಸುವುದು ಬೇಡ ಎಂದಿದ್ದಾರೆ. ಹೀಗಾಗಿ ಅವ್ವ ಈಗ ಎಡಗಡೆಯಿಂದಲೇ ಅಗಿಯುತ್ತಾಳೆ. ರೊಟ್ಟಿಗೆ ಅರ್ಧ ತಾಸು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಸಾಂದ್ರತೆಯ ಪರೀಕ್ಷೆ ಮಾಡಿಸಿ, ಇಳಿದರೆ ಮುಂದೆ ಏನು ಕೊಡುವುದೆಂದು ಆಗ ನೋಡೋಣ ಎಂದು ಎಲುಬಿನ ವೈದ್ಯರ ಅಪ್ಪಣೆಯಾಗಿದೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಹುಬ್ಬಳ್ಳಿಗೆ ಹೋಗುವ ಟಿಕೇಟು ಬರುವ ತಿಂಗಳಿನದು. ಚೀಟಿಯ ಮೇಲೆ ತಂಗಿಯ ಫೋನು ನಂಬರನ್ನೂ ಬರೆಯಬೇಕೆಂದು ಅವ್ವ ನಿನ್ನೆಯಿಂದ ಎರಡು ಸಲ ನೆನಪಿಸಿದ್ದಾಳೆ.